ಕಾರ್ತಿಕದ ಹಾಳೆ

ಪ್ರಿಂಟರಿನಿಂದ ಆಗತಾನೆ ಹೊರಬಿದ್ದ ಹಾಳೆಯನ್ನು ಯಾರಾದರೂ ಕೈಗಿಟ್ಟರೆ, ಅದರ ಬಿಸಿ ತಾಕಿದೊಡನೆ ನನ್ನ ಬಾಯಿ ಒಣಗುತ್ತದೆ. ಮೊನ್ನೆ ಶಾಲೆಯ ಆಫೀಸಿನಲ್ಲೂ ಹಾಗೇ ಆಯಿತು. ಕೊಟ್ಟದ್ದು ಮಕ್ಕಳ ಹಾಜರಿ ಪಟ್ಟಿ, ಅಷ್ಟೇ. ಆದರೂ ಕೊನೆಯ ಹೆಸರಿನಿಂದ ಮೇಲಕ್ಕೆ, ಕಳ್ಳಿಯ ಹಾಗೆ ಓದಿದೆ. ಜೊತೆಯ ಶಿಕ್ಷಕಿಯರು ನಗುತ್ತಾರೆ, ನೀವೂ ನಗಬಹುದು. ಹಲ್ಲಿಗೆ ಹೆದರುವವರು, ಸೂಜಿಗೆ ಹೆದರುವವರು ಇದ್ದಾರೆ. ನಾನು ಬಿಸಿ ಹಾಳೆಗೆ ಹೆದರುವವಳು. ಕಾರಣ ಕೇಳಿದ ಮೇಲೆ ನಗಿ.

ಸವಣೂರಿನ ನಮ್ಮ ಮನೆಯಲ್ಲಿ ಒಂದು ಮುದಿ ಕಂಪ್ಯೂಟರ್ ಇತ್ತು. ಅಪ್ಪ ಸಂಸ್ಕೃತ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಅದರಲ್ಲಿ ಮಾಡಿದ್ದು ಒಂದೇ ಕೆಲಸ: ಬಂಧುಬಳಗದಲ್ಲಿ ತೀರಿಹೋದವರೆಲ್ಲರ ತಿಥಿಗಳನ್ನು ಒಂದೆಡೆ ಸೇರಿಸಿದರು. ಶ್ರಾದ್ಧದ ದಿನ ತಾರೀಖಿನ ಮಾತು ಕೇಳುವುದಿಲ್ಲ, ಚಂದ್ರನನ್ನು ಹಿಡಿದುಕೊಂಡು ವರ್ಷವರ್ಷವೂ ಹಿಂದೆಮುಂದೆ ಸರಿಯುತ್ತದೆ. ಹಾಗಾಗಿ ಹಾನಗಲ್ಲಿನಿಂದ ಒಬ್ಬರು, ಶಿಗ್ಗಾಂವಿಯಿಂದ ಇನ್ನೊಬ್ಬರು, "ನಮ್ಮ ಅಜ್ಜಂದು ಈ ವರ್ಷ ಯಾವಾಗ ಬರ್ತದ್ರಿ?" ಎಂದು ಫೋನು ಮಾಡುತ್ತಲೇ ಇರುತ್ತಿದ್ದರು. ಅಪ್ಪ ತಿಂಗಳಿಗೊಂದು ಹಾಳೆಯಂತೆ, ಚೈತ್ರದಿಂದ ಫಾಲ್ಗುಣದವರೆಗೆ ಹನ್ನೆರಡು ಹಾಳೆ ಮುದ್ರಿಸಿ ಯುಗಾದಿಗೆ ಮೊದಲೇ ಇಪ್ಪತ್ತಾರು ಮನೆಗಳಿಗೆ ಕಳಿಸುತ್ತಿದ್ದರು.

ಆ ಕಂಪ್ಯೂಟರನ್ನು ನಾವು ಬಂದ್ ಮಾಡುತ್ತಿರಲಿಲ್ಲ. ಒಮ್ಮೆ ದೀಪಾವಳಿಗೆ ಸುಣ್ಣ ಹಚ್ಚುವಾಗ ಆರಿಸಿದ್ದು, ಮತ್ತೆ ಏಳಲು ಎರಡು ದಿನ ತೆಗೆದುಕೊಂಡಿತ್ತು. ಅಂದಿನಿಂದ ಅದಕ್ಕೆ ನಿದ್ದೆ ಇಲ್ಲ. ಕರೆಂಟು ಹೋದರೆ ಇನ್ವರ್ಟರ್ ಅದಕ್ಕೊಂದಕ್ಕೇ. ಅಪ್ಪ, ಅವ್ವ, ನಾನು ಮೂವರೂ ಹಳೆಯ ಪಂಚಾಂಗಗಳಿಂದ ಗಾಳಿ ಹಾಕಿಕೊಳ್ಳುತ್ತಾ ಕೂರುತ್ತಿದ್ದೆವು. ಇನ್ವರ್ಟರ್ ಕುಂಯ್‌ಗುಟ್ಟಿದರೆ ಸಾಕು, ತವೆಯ ಮೇಲಿನ ಭಕ್ರಿಯನ್ನು ಹೊತ್ತಲು ಬಿಟ್ಟು ಓಡಿದವಳು ನಾನು.

ಅಂಥದ್ದರಲ್ಲಿ ಹಳೆಯ ಪ್ರಿಂಟರ್ ಪ್ರಾಣ ಬಿಟ್ಟಿತು. ಅಪ್ಪ ಹುಬ್ಬಳ್ಳಿಗೆ ಹೋಗಿ ಹೊಸದನ್ನು ತಂದರು, ಪುಟ್ಟದು, ಬೆಳ್ಳಗಿನದು. ವೈರು ಸಿಕ್ಕಿಸಿದರೆ ಮುದಿ ಕಂಪ್ಯೂಟರ್ ಈ ಹೊಸಬನನ್ನು ಗುರುತೇ ಹಿಡಿಯಲಿಲ್ಲ. ಶಿಗ್ಗಾಂವಿಯಿಂದ ರಿಪೇರಿಯ ಮಲ್ಲಪ್ಪ ಬಂದು ಬೆಳಗಿನಿಂದ ಊಟದ ಹೊತ್ತಿನ ತನಕ ಏನೇನೋ ತುಂಬಿಸಿ, ಕೊನೆಗೆ ಕೈ ಒರೆಸಿಕೊಂಡ.

"ಮಾಸ್ತರ್ರ, ಎಲ್ಲಾ ಹಾಕೇನ್ರಿ. ಈಗ ಒಮ್ಮೆ ಬಂದ್ ಮಾಡಿ ಚಾಲೂ ಮಾಡಬೇಕು."

"ಮಾಡದಿದ್ರ?"

"ಪ್ರಿಂಟ್ ಬರಂಗಿಲ್ರಿ."

"ಮಾಡಿದ ಮ್ಯಾಲೆ ಏಳಲಿಲ್ಲಂದ್ರ?"

ಮಲ್ಲಪ್ಪ ಮೇಲಿನ ಜಂತಿ ನೋಡಿದ. "ಏಳತೈತ್ರಿ," ಎಂದ.

ಮೊದಲು ಪೆನ್‌ಡ್ರೈವಿಗೆ ಒಂದು ಪ್ರತಿ ಇಳಿಸಿಕೊಳ್ಳೋಣ ಎಂದು ನಾನು ಅಂದೆ. ಅಪ್ಪ ಗದರಿದಂತೆ ಹೇಳಿದರು: "ಬ್ಯಾಡ. ಆ ಫೈಲ್ ಯಾರೂ ತಗೀಬ್ಯಾಡ್ರಿ." ಅವರ ಹಣೆ ಬೆವರಿತ್ತು. ಅಷ್ಟು ಜನ ಸತ್ತವರು ಒಂದು ಗುಂಡಿ ಒತ್ತಿದ್ದಕ್ಕೆ ಎರಡನೆಯ ಸಲ ಸಾಯುತ್ತಾರೆಂದು ಹೆದರಿದ್ದಾರೆ ಎಂದುಕೊಂಡೆ. ನನಗಂತೂ ಅದೇ ಭಯ.

ಅವ್ವ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದಳು. ಬಾಗಿಲಲ್ಲಿ ನಿಲ್ಲುವುದು ಅವಳಿಗೆ ರೂಢಿ. ನನ್ನ ತಮ್ಮ ಶ್ಯಾಮ ತುಳಸಿ ಲಗ್ನ ಮುಗಿದ ವಾರದಲ್ಲಿ, ಗೆಳೆಯನ ಮದುವೆ ಎಂದು ಹಿರೇಕೆರೂರಿನ ಬಸ್ಸು ಹತ್ತಿದವನು ಮದುವೆಮನೆ ಮುಟ್ಟಲೇ ಇಲ್ಲ. ಪೊಲೀಸರಾಯಿತು, ಪೇಪರಾಯಿತು, ಗುರುಗಳ ಮಠವಾಯಿತು. ಹನ್ನೊಂದು ವರ್ಷ ಕಳೆದಿತ್ತು. ರೇಷನ್ ಕಾರ್ಡಿನಿಂದ ಅವನ ಹೆಸರು ತೆಗೆಸಲು ಅವ್ವ ಬಿಟ್ಟಿರಲಿಲ್ಲ.

ಮಲ್ಲಪ್ಪ ಗುಂಡಿ ಒತ್ತಿದ. ಪರದೆ ಕಪ್ಪಾಯಿತು. ಎರಡು ವರ್ಷ ಕಿವಿಯಲ್ಲೇ ಇದ್ದ ಗುಂಯ್ ಶಬ್ದ ನಿಂತಿತು, ಮನೆ ಭಣಭಣ ಎನ್ನತೊಡಗಿತು. ನಾನು ನಂಬದ ದೇವರಿಗೂ ಹರಕೆ ಹೊತ್ತೆ. ಎಷ್ಟು ಹೊತ್ತೋ ಆದ ಮೇಲೆ ಒಳಗೇನೋ ಕೆಮ್ಮಿದಂತಾಗಿ ಪರದೆ ಬೆಳಗಿತು.

ಅಪ್ಪ ತಾವೇ ಫೈಲ್ ತೆಗೆದು ಪ್ರಿಂಟ್ ಒತ್ತಿದರು. ಹಳೆಯ ಪ್ರಿಂಟರ್ ಒಂದು ಹಾಳೆಗೆ ನಿಮಿಷಗಟ್ಟಲೆ ನರಳುತ್ತಿತ್ತು. ಅಪ್ಪ ಪಕ್ಕದಲ್ಲೇ ಕುಳಿತು ಒಂದೊಂದಾಗಿ ಎತ್ತಿಡುತ್ತಿದ್ದರು. ಹೊಸದಕ್ಕೆ ಆ ಸಾವಧಾನವೆಲ್ಲಿ? ಚೈತ್ರ, ವೈಶಾಖ ಎಂದು ಹಾಳೆಗಳನ್ನು ಪಟಪಟ ಉಗುಳಿತು. ಅಪ್ಪ ಮೊಣಕಾಲು ಹಿಡಿದು ಏಳುವುದರೊಳಗೆ ಅವೆಲ್ಲ ನನ್ನ ಕೈಯಲ್ಲಿದ್ದವು.

ಕಾರ್ತಿಕದ ಹಾಳೆಯ ಕೊನೆಯ ಸಾಲಿನಲ್ಲಿ ಶ್ಯಾಮನ ಹೆಸರಿತ್ತು. ಗೋತ್ರ, ಬಹುಳ ಪಂಚಮಿ. ಅವನು ಬಸ್ಸು ಹತ್ತಿದ ದಿನ.

ಹನ್ನೆರಡು ವರ್ಷ ಸುದ್ದಿಯೇ ಇಲ್ಲದವರಿಗೆ ದರ್ಭೆಯ ಬೊಂಬೆ ಮಾಡಿ ಸುಟ್ಟು, ಸಂಸ್ಕಾರ ಮುಗಿಸುವುದು ನಮ್ಮಲ್ಲಿ ಶಾಸ್ತ್ರ. ಬರುವ ಕಾರ್ತಿಕಕ್ಕೆ ಹನ್ನೆರಡು ತುಂಬುತ್ತಿತ್ತು. ಅಪ್ಪನ ಮುಖ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ಬಾಗಿಲ ಕಡೆ ನೋಡುತ್ತಿದ್ದರು. ಆ ಬೆವರು ಯಾತಕ್ಕೆಂದು ಆಗ ತಿಳಿಯಿತು. ನನ್ನ ಕೈಯೊಳಗಿನ ಹಾಳೆ ಇನ್ನೂ ಬಿಸಿಯಾಗಿತ್ತು.

"ಎಲ್ಲಾ ಬಂದ್ವೇನು? ತಾ ಇಲ್ಲೆ, ನಮ್ಮವ್ವಂದು ನೋಡತೇನಿ," ಎಂದು ಅವ್ವ ಒಳಗೆ ಬಂದಳು.

"ಒಂದು ಹಾಳಿ ಕೆಟ್ಟು ಬಂದದವ್ವಾ," ಎಂದೆ, ಅದನ್ನು ಬೆನ್ನ ಹಿಂದೆ ಹಿಡಿದು.

"ಕಾರ್ತಿಕದ್ದೇನು?"

ಮಲ್ಲಪ್ಪ ಕೂಡ ಸ್ಕ್ರೂಡ್ರೈವರ್ ಕೆಳಗಿಟ್ಟ. ಅವ್ವ ಅಪ್ಪನ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ದಿನಾ ಅದರ ಧೂಳಾ ಒರಸಾಕಿ ನಾನು. ಓದ್ಲಿಕ್ಕೂ ಬರ್ತದ ನನಗ. ಸಂಕ್ರಾಂತಿಗೇ ನೋಡೇನಿ. ನೀವು ಹಡೆದ ಅಪ್ಪ, ನಿಮ್ಮ ಶಾಸ್ತ್ರ ನಿಮಗ. ಬರದದ್ದು ಅಳಸಬ್ಯಾಡ್ರಿ. ಆದ್ರ ನಾ ಇರೋತನಕ ಅದನ್ನ ಮಂದಿಗೆ ಹಂಚಬ್ಯಾಡ್ರಿ."

ಅಪ್ಪ ನನ್ನ ಕೈಯಿಂದ ಆ ಹಾಳೆ ತೆಗೆದುಕೊಂಡು ಮಡಚಿದರು. ಅವ್ವ ಒಳಗೆ ಹೋಗಿ ಮಲ್ಲಪ್ಪನಿಗೆ ಎಲೆ ಹಾಕಿದಳು.

ಆ ವರ್ಷದಿಂದ ಹನ್ನೊಂದೇ ಹಾಳೆ ಹೋಗತೊಡಗಿದವು. ಕಾರ್ತಿಕ ಕೇಳಿದವರಿಗೆ ಅಪ್ಪ ಬಾಯಿಂದಲೇ ಹೇಳಿದರು. ಬೊಂಬೆ ಸುಡಲಿಲ್ಲ. ಮೂರು ವರ್ಷಕ್ಕೆ ಅಪ್ಪ ಹೋದರು. ಪಟ್ಟಿ ನನ್ನ ಪಾಲಿಗೆ ಬಂತು, ಈಗ ಅದು ಹೊಸ ಲ್ಯಾಪ್‌ಟಾಪಿನಲ್ಲಿದೆ. ಹೋದ ಆಷಾಢದಲ್ಲಿ ಅವ್ವನೂ ಹೋದಳು. ಅಲ್ಲಿಗೆ ಅವಳು ಹಾಕಿದ ಗಡುವು ಮುಗಿಯಿತು.

ಈ ಯುಗಾದಿಗೆ ಹನ್ನೊಂದು ಹಾಳೆ ಮುದ್ರಿಸಿದೆ. ಕಾರ್ತಿಕ ಬಂದಾಗ ಬೆರಳು ಮುಂದೆ ಹೋಗಲಿಲ್ಲ. ಒತ್ತಿದರೆ ಇಪ್ಪತ್ತಾರು ಮನೆಗಳಲ್ಲಿ ನನ್ನ ತಮ್ಮ ಒಂದೇ ದಿನ ತೀರಿಹೋಗುತ್ತಾನೆ. ಬರೆದದ್ದನ್ನು ಅಳಿಸಬಾರದೆಂದು ಅವ್ವ ಹೇಳಿದ್ದಳು. ಅಳಿಸದೆ, ಆ ಸಾಲೊಂದನ್ನು ಬಿಟ್ಟು ಮುದ್ರಿಸುವ ಉಪಾಯ ಮಲ್ಲಪ್ಪನಿಗೆ ಗೊತ್ತಿರಬಹುದು. ಕೇಳಿದರೆ ಯಾವ ಸಾಲೆಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಯಂತ್ರಕ್ಕೆ ಹೆದರುವವಳೆಂದು ನನ್ನನ್ನು ನಾನೇ ಇಷ್ಟು ದಿನ ಹಾಸ್ಯ ಮಾಡಿಕೊಂಡೆ. ಯಂತ್ರದ್ದೇನು, ಅದು ಕೊಟ್ಟದ್ದನ್ನು ಮುದ್ರಿಸುತ್ತದೆ.

ಕಾರ್ತಿಕವನ್ನು ಕೈಯಿಂದಲೇ ಬರೆದೆ, ಇಪ್ಪತ್ತಾರು ಸಲ. ಹದಿನಾಲ್ಕು ಹೆಸರು. ಹದಿನಾಲ್ಕನೆಯದು ಮುಗಿದಾಗಲೆಲ್ಲ ಪೆನ್ನಿಗೆ ಟೋಪಿ ಹಾಕಿ, ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದೆ. ಕೈ ತಾನಾಗಿ ಮುಂದಿನದನ್ನೂ ಬರೆದುಬಿಟ್ಟೀತೆಂದು ಭಯವಾಗುತ್ತಿತ್ತು.