ಮಗಳ ಕಾಲಿಗೆ ಬೀಳಬೇಕಾದ ರಾಜ

ಅಭಿನಯದ ಬಗ್ಗೆ ಬರೆಯುವಷ್ಟು ಅಧಿಕಾರ ನನಗಿಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಬರೆದ ಪ್ರತಿಯೊಂದು ವಾಕ್ಯವನ್ನೂ ಅನುಮಾನದಿಂದ ತಿರುಗಿ ನೋಡುವ ಅಭ್ಯಾಸ ಇನ್ನೂ ಹೋಗಿಲ್ಲ. ಹಾಗಿದ್ದೂ ನಿರೂಪಣೆಯಲ್ಲಿ ತಪ್ಪುಗಳು ಉಳಿದಿದ್ದರೆ ಓದುಗರು ಮನ್ನಿಸಬೇಕು.

ಹೊಂಗನೂರಿನ ಸಮೀಪದ ನಮ್ಮ ಊರಿನಲ್ಲಿ ಪೌರಾಣಿಕ ನಾಟಕವನ್ನು ಊರಿನ ಗಂಡಸರೇ ಆಡುತ್ತಾರೆ. ಹೆಣ್ಣು ಪಾತ್ರಗಳಿಗೆ ಮಾತ್ರ ಹೊರಗಿನ ಕಲಾವಿದೆಯರನ್ನು ಕರೆಸುವುದು ರೂಢಿ. ಆ ವರ್ಷ ರಾಜಮಾತೆಯ ಪಾತ್ರವನ್ನು ನಾನು ಕೇಳಿದೆ. ರಾಮನಗರದಲ್ಲಿ ಪದವಿ ಮುಗಿಸಿ, ಅಲ್ಲಿಯೇ ಒಂದು ರಂಗಶಿಬಿರದಲ್ಲಿ ಕಲಿತಿದ್ದೆ. ಮುಂದೆ ಒಂದು ವರ್ಷದ ರಂಗತರಬೇತಿಗೆ ಸೇರುವ ಹಂಬಲವಿತ್ತು. "ಮೊದ್ಲು ನಮ್ಮೂರ ಸ್ಟೇಜ್ ಮೇಲೆ ನಿಂತ್ಕಂಡು ತೋರ್ಸವ್ವ, ಆಮ್ಯಾಕೆ ನೋಡಾನ" ಎಂದು ಅಪ್ಪ ಹೇಳಿದ್ದರು. ರಾಜನ ಪಾತ್ರ ಅಪ್ಪನದೇ ಎಂಬುದನ್ನು ಆಗ ನಾವಿಬ್ಬರೂ ಅಷ್ಟಾಗಿ ಯೋಚಿಸಿರಲಿಲ್ಲ.

ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರ ಪಾಠ ಶ್ರುತಿಯಿಂದ ಆರಂಭವಾಗುತ್ತಿತ್ತು. ಅವರು ಪದ್ಯವನ್ನು ಹಾಡಿ ತೋರಿಸುವರು, ನಾವು ಹಾಗೆಯೇ ಹಾಡಬೇಕು. ಯಾವ ಪದಕ್ಕೆ ಕೈ ಎತ್ತಬೇಕು, ಎಲ್ಲಿ ತಿರುಗಬೇಕು ಎಂಬುದನ್ನೂ ಅವರೇ ನಿಗದಿಪಡಿಸುವರು. ಅರ್ಥ ಕೇಳಿದರೆ, "ಮೊದ್ಲು ಬಾಯಿಗೆ ಕೂರ್ಲಿ ಕಣವ್ವ, ಭಾವ ತಾನಾಗೇ ಹಿಂದ್ಗಡೆ ಬತ್ತದೆ" ಎನ್ನುವರು. ಶಿಬಿರದ ಗುರುಗಳ ದಾರಿ ಇದಕ್ಕೆ ವಿರುದ್ಧವಾಗಿತ್ತು. ಅವರು ಮೊದಲು ಮಾತನ್ನೇ ಕೊಡದೆ, "ಯಾರ ಮುಂದೆ ನಿಂತಿದ್ದೀರಿ? ಅವರಿಂದ ನಿಮಗೇನು ಬೇಕು?" ಎಂದಷ್ಟೇ ಕೇಳುತ್ತಿದ್ದರು. ನನಗೆ ಎರಡೂ ಬೇಕಾಗಿದ್ದವು. ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಾ ಪದ್ಯ ಹಾಡುತ್ತಿದ್ದೆ. ಅಪ್ಪನ ತಾಯಿ, ಎಂದರೆ ನಮ್ಮ ಅಜ್ಜಿ, ಗದರಿಸುವ ಮೊದಲು ಗದ್ದ ಎತ್ತಿ ಸುಮ್ಮನೆ ನೋಡುವ ಬಗೆಯನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದೆ.

ಯುದ್ಧಕ್ಕೆ ಹೊರಟ ರಾಜ ತಾಯಿಯ ಪಾದಕ್ಕೆರಗುವ ದೃಶ್ಯ ಬಂದಾಗ ತಾಲೀಮು ನಿಂತುಹೋಯಿತು.

"ಹೆತ್ತ ಮಗಳ ಕಾಲ್ಗೆ ಬೀಳಾದಾ? ದೂರದಿಂದ್ಲೇ ಕೈ ಮುಗಿತೀನಿ, ಸಾಕು" ಎಂದರು ಅಪ್ಪ.

ಸೇನಾಪತಿ ಪಾತ್ರದ ಅವರ ಗೆಳೆಯ ಬಿಡಲಿಲ್ಲ. "ಏನ್ಲಾ, ಹೊರಗಿಂದ ಬಂದ ಅವ್ವನ ಕಾಲ್ಗೆ ವರ್ಸ ವರ್ಸ ಬಿದ್ದೆ, ಮಗಳು ಅಂದೇಟ್ಗೆ ಸೊಂಟ ಹಿಡ್ಕಬುಡ್ತಾ?"

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. "ರಾಜ ಬೀಳ್ದೆ ಮುಂದಿನ ಪದ್ಯ ಎತ್ತಕಾಗಲ್ಲ. ಭಾನುವಾರಕ್ಕೆ ಸರಿಹೋಗ್ನಿಲ್ಲ ಅಂದ್ರೆ ಮಂಡ್ಯದಿಂದ ಯಾರ್ನಾದ್ರೂ ಕರೆಸ್ಬುಡಾನ" ಎಂದರು. ಪಾತ್ರ ಕೈತಪ್ಪಿದರೆ ತರಬೇತಿಯೂ ಕೈತಪ್ಪುವುದೆಂದು ನನಗೆ ತಿಳಿದಿತ್ತು. ಬಿಟ್ಟುಕೊಡಬಾರದೆಂದು ನಿಶ್ಚಯಿಸಿದೆ.

ಭಾನುವಾರ ಮಧ್ಯಾಹ್ನ ಮೇಷ್ಟ್ರಲ್ಲಿ ಒಂದು ವಿನಂತಿ ಮಾಡಿಕೊಂಡೆ: ಆಶೀರ್ವಾದದ ಪದ್ಯಕ್ಕೆ ಮೊದಲು ಸ್ವಲ್ಪ ಮೌನಕ್ಕೆ ಅವಕಾಶ ಬೇಕು.

"ಎಷ್ಟೊತ್ತು?"

"ನೀವು ಒಂದು ಸಲ ಹಾರ್ಮೋನಿಯಂ ತಿದಿ ಒತ್ತುವಷ್ಟು, ಮೇಷ್ಟ್ರೇ."

"ಒಂದೇ ಉಸ್ರು ಕಣವ್ವ. ಒಸಿ ಹೆಚ್ಚಾದ್ರೂ ಮಾತು ಮರ್ತವ್ಳೆ ಅಂತಾರೆ."

ಅಪ್ಪ ದೂರದಲ್ಲಿಯೇ ನಿಂತು ಕೈ ಮುಗಿದರು. ನಾನು ಗದ್ದ ಎತ್ತಿ ನೋಡಿದೆ. ತಿದಿಯ ಗಾಳಿ ಮುಗಿಯಿತು, ನಾನು ಹಾಡಲಿಲ್ಲ. "ಎತ್ತವ್ವ" ಎಂದು ಪಿಸುಗುಟ್ಟಿ ಮೇಷ್ಟ್ರು ಮತ್ತೊಮ್ಮೆ ಒತ್ತಿದರು. "ಮರ್ತೋಯ್ತು ಕಣ್ಲಾ!" ಎಂದರು ಸೇನಾಪತಿ. ನಾನು ಗದ್ದ ಇಳಿಸಲಿಲ್ಲ. ಎದುರಿಗಿದ್ದವನು ನನ್ನ ಮಗ, ಅವನು ನಮಸ್ಕರಿಸದೆ ಯುದ್ಧಕ್ಕೆ ಹೋಗುವಂತಿಲ್ಲ ಎಂಬುದನ್ನು ಬಿಟ್ಟು ಬೇರೇನನ್ನೂ ಮನಸ್ಸಿಗೆ ತಂದುಕೊಳ್ಳಲಿಲ್ಲ.

ಅಪ್ಪ ತಲೆಯೆತ್ತಿದರು. "ಥೂ, ನಮ್ಮವ್ವನಂಗೇ ನೋಡ್ತಾಳಲ್ಲಪ್ಪ" ಎಂದು ಗೊಣಗುತ್ತಾ ಮುಂದೆ ಬಂದು ಬಾಗಿ ಪಾದ ಮುಟ್ಟಿದರು. ಮೇಷ್ಟ್ರು ಹೇಳಿಕೊಟ್ಟ ಶ್ರುತಿಯಲ್ಲಿ, ಅವರು ಹೇಳಿದ ಪದಕ್ಕೇ ಕೈ ಎತ್ತಿ, ನಾನು ಪದ್ಯ ಹಾಡಿದೆ.

"ಒಂದು ಕೇಳಿ ಎರಡು ಉಸ್ರು ತಕ್ಕಂಡೆ. ನಾಟ್ಕದ ದಿನಾನೂ ಅಷ್ಟೇ ತಕ, ಹೆಚ್ಗೆ ಬ್ಯಾಡ" ಎಂದರು ಮೇಷ್ಟ್ರು.

ನಾಟಕದ ದಿನ ಅಪ್ಪ ಊರೆಲ್ಲ ನೋಡುತ್ತಿರುವಂತೆಯೇ ಪಾದಕ್ಕೆರಗಿದರು. ಅನಂತರ ಮಾಗಡಿ ಕಡೆಯಿಂದ ನನಗೆ ಬಂದಿದ್ದ ಸಂಬಂಧ, ಹುಡುಗಿ ಸ್ಟೇಜ್ ಹತ್ತಿದಳೆಂಬ ಕಾರಣಕ್ಕೆ ಮುರಿಯಿತು; ಅಪ್ಪ ಅವರನ್ನು ಮತ್ತೆ ಕೇಳಲು ಹೋಗಲಿಲ್ಲ. ನಾನು ತರಬೇತಿ ಮುಗಿಸಿ ಈಗ ಕನಕಪುರದ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತೇನೆ. ಮನೆಯಲ್ಲಿ ಕೆಲಸದ ಕೈ ಕಡಿಮೆಯಾದುದರಿಂದ ಹುಳು ಸಾಕಣೆ ಅರ್ಧಕ್ಕಿಳಿದಿದೆ. ನನ್ನ ತಂಗಿ ಮೇಷ್ಟ್ರ ಬಳಿ ಹಾಡು ಕಲಿಯುತ್ತಿದ್ದಾಳೆ. ಅವಳನ್ನು ಅಪ್ಪನೇ ಕರೆದುಕೊಂಡು ಹೋಗುತ್ತಾರೆ.