ಮಾನ್ವಿಯಿಂದ ಬರುತ್ತಿದ್ದ ಲ್ಯಾಬ್ ಸರ್

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಯಾವಾಗಲೂ ಹಳದಿಯಾಗಿರುತ್ತಿತ್ತು. ಅರಿಶಿನದ ಹಳದಿಯಲ್ಲ. ತೊಳೆದರೂ ಹೋಗದ, ಚರ್ಮದೊಳಗೇ ಇಳಿದು ಕೂತ ಮಬ್ಬು ಹಳದಿ. ನೈಟ್ರಿಕ್ ಆಮ್ಲ ತಾಗಿದರೆ ಹಾಗಾಗುತ್ತದೆ. ಹಳೆಯ ಕಲೆ ಉದುರಿ ಹೊಸ ಚರ್ಮ ಬರುವಷ್ಟರಲ್ಲಿ ಇನ್ನೊಂದು ಹನಿ ತಾಗಿರುತ್ತಿತ್ತು. ಮೊದಲ ದಿನ ನಮ್ಮ ಬ್ಯಾಚಿನಲ್ಲಿ ಯಾರೋ ಕೈಗವಸು ಯಾಕೆ ಹಾಕಿಕೊಳ್ಳುವುದಿಲ್ಲ ಎಂದು ಕೇಳಿದರು. "ನಾನೂ ಪ್ರೋಟೀನೇ ಅಂತ ಆಗಾಗ ಖಾತ್ರಿ ಮಾಡ್ಕೋತೀನ್ರಿ" ಎಂದರು. ನಗಲಿಲ್ಲ. ನಾವೂ ನಗಬೇಕೋ ಬೇಡವೋ ತಿಳಿಯದೆ ನಿಂತೆವು. ಪ್ರೋಟೀನಿಗೆ ನೈಟ್ರಿಕ್ ಆಮ್ಲ ಹಾಕಿದರೆ ಹಳದಿ ಬರುತ್ತದೆಂಬ ಪಾಠ ನಮಗಾದದ್ದು ಅದರ ಮರುವಾರ.

ರಾಯಚೂರಿನ ಮೆಡಿಕಲ್ ಕಾಲೇಜೊಂದರಲ್ಲಿ ನಾನು ಮೊದಲ ವರ್ಷ ಓದುತ್ತಿದ್ದಾಗ ಅವರು ಬಯೋಕೆಮಿಸ್ಟ್ರಿ ವಿಭಾಗದಲ್ಲಿ ಟ್ಯೂಟರ್ ಆಗಿದ್ದರು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ ಮಾಡಿದವರು, ಡಾಕ್ಟರಲ್ಲ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಈ ಮೂರು ವಿಷಯ ಕಲಿಸುವ ಉಳಿದವರೆಲ್ಲ ಡಾಕ್ಟರುಗಳು. ಹಾಗಾಗಿ ಅವರಿಗೆ ಬಡ್ತಿಯೂ ಇರಲಿಲ್ಲ, ಸ್ವಂತ ಕೋಣೆಯೂ ಇರಲಿಲ್ಲ. ಪ್ರೊಫೆಸರ್ ಒಳಗೆ ಬಂದರೆ ಗೋಡೆಗೆ ಸರಿದು ನಿಲ್ಲುತ್ತಿದ್ದರು. ಹುಡುಗರು ಅವರನ್ನು ಲ್ಯಾಬ್ ಸರ್ ಎನ್ನುತ್ತಿದ್ದರು. ಆ ಮಾತಿನಲ್ಲಿ ಸ್ವಲ್ಪ ಅಸಡ್ಡೆಯೂ ಇತ್ತು.

ದಿನಾ ಬೆಳಿಗ್ಗೆ ಮಾನ್ವಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅಲ್ಲಿನ ಗುಡಿಯೊಂದರ ಪೂಜೆ ಅವರ ಮನೆತನದ್ದು. ಪೂಜೆಯನ್ನು ಅವರ ತಮ್ಮ ನೋಡಿಕೊಳ್ಳುತ್ತಿದ್ದರು. ಹಣೆಯ ಮೇಲೆ ಅಂಗಾರದ ಕಪ್ಪು ಗೆರೆ, ಅಕ್ಷತೆ, ಕೈಯಲ್ಲಿ ಸ್ಟೀಲ್ ಡಬ್ಬಿ. ಹೊರಗೆ ನೀರು ಕೂಡ ಕುಡಿಯುತ್ತಿರಲಿಲ್ಲ. ಹನ್ನೊಂದಕ್ಕೆ ಎಲ್ಲರೂ ಕ್ಯಾಂಟೀನಿಗೆ ಹೋದರೆ ಅವರು ಬಾಟಲಿಗಳ ಹೆಸರುಚೀಟಿ ಬದಲಿಸುತ್ತ ಇರುತ್ತಿದ್ದರು. ನಮ್ಮನ್ನೆಲ್ಲ ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಹದಿನೆಂಟು ವರ್ಷದವರೆಗೆ ನನಗೆ ಯಾರೂ 'ರೀ' ಎಂದಿರಲಿಲ್ಲ. ನಮ್ಮಪ್ಪ ದೇವದುರ್ಗದ ಗೊಬ್ಬರದ ಅಂಗಡಿಗಳ ಮುಂದೆ ಹಮಾಲಿ ಮಾಡುತ್ತಿದ್ದ. ಅವ್ವ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು. ಲ್ಯಾಬ್ ಸರ್ ಮೊದಲ ಸಲ "ನೀವು ಬರ್ರಿ ಈ ಕಡೆ" ಎಂದಾಗ ನಾನು ಹಿಂದೆ ತಿರುಗಿ ನೋಡಿದ್ದೆ.

ಆ ವರ್ಷದ ಒಂದು ಸಂಗತಿ ಸರಿಯಾಗಿ ನೆನಪಿದೆ. ಪ್ರತಿಯೊಬ್ಬರಿಗೂ ಒಂದೊಂದು ಪ್ರನಾಳದಲ್ಲಿ ಹೆಸರಿಲ್ಲದ ದ್ರಾವಣ ಕೊಟ್ಟು, ಅದರಲ್ಲಿ ಏನಿದೆ ಎಂದು ಪರೀಕ್ಷೆ ಮಾಡಿ ಬರೆಯಲು ಹೇಳಿದ್ದರು. ಅಕ್ಕಪಕ್ಕದವರ ಪ್ರನಾಳಗಳಲ್ಲಿ ಗ್ಲೂಕೋಸಿನ ಇಟ್ಟಿಗೆ ಕೆಂಪು ಬಂತು, ಪ್ರೋಟೀನಿನ ನೇರಳೆ ಬಂತು. ನನ್ನದರಲ್ಲಿ ಏನೂ ಬರಲಿಲ್ಲ. ಮತ್ತೆ ಮಾಡಿದೆ. ಮೂರನೆಯ ಸಲವೂ ಬರಲಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ನನ್ನ ಕೈಯೇ ಸರಿಯಿಲ್ಲವೆಂದು ಅಂಜಿಕೆಯಾಗಿ ಪಕ್ಕದವಳ ಪುಸ್ತಕ ನೋಡಿ ಗ್ಲೂಕೋಸ್ ಎಂದು ಬರೆದೆ. ಸರ್ ಹಿಂದೆ ಬಂದು ನಿಂತಿದ್ದರು.

"ಕೆಂಪು ಕಂಡೀರೇನ್ರಿ?"

"ಇಲ್ರಿ ಸರ್."

"ಮತ್ತ ಯಾಕ ಬರದ್ರಿ?"

ನಾನು ಪಕ್ಕದವಳ ಪುಸ್ತಕದ ಕಡೆ ನೋಡಿದೆ. "ಕಂಡದ್ದು ಬರೀರಿ. ಪುಸ್ತಕದಾಗಿಂದು ಪುಸ್ತಕದಾಗ ಇರ್ತದ" ಎಂದರು. ನಾನು ಗ್ಲೂಕೋಸ್ ಹೊಡೆದುಹಾಕಿ, ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕೆಂದು ಹೊಳೆಯದೆ, ಕನ್ನಡದಲ್ಲೇ 'ಏನೂ ಇಲ್ಲ' ಎಂದು ಬರೆದೆ. ಅದರ ಕೆಳಗೆ ಸಹಿ ಮಾಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು, ಆ ದಿನ ಐದು ಪ್ರನಾಳಗಳಲ್ಲಿ ಬರೀ ನೀರು ಹಾಕಿಟ್ಟಿದ್ದರಂತೆ. ಉಳಿದ ನಾಲ್ವರು ಏನೇನೋ ಕಂಡಿದ್ದರು. "ಏನೂ ಇಲ್ಲ ಅನ್ನೋದೂ ಒಂದು ರಿಸಲ್ಟ್ ರೀ" ಎಂದರು.

ವರ್ಷದ ಕೊನೆಯ ಪರೀಕ್ಷೆಯಲ್ಲಿ ಅನಾಟಮಿ, ಫಿಸಿಯಾಲಜಿ ಮುಗಿದಿದ್ದವು. ಬಯೋಕೆಮಿಸ್ಟ್ರಿಗೆ ಮುಂಚೆ ಮೂರು ದಿನ ಬಿಡುವಿತ್ತು. ಮೊದಲ ದಿನ ಬೆಳಿಗ್ಗೆ ಅಪ್ಪ ಲಾರಿಯಿಂದ ಯೂರಿಯಾ ಚೀಲ ಇಳಿಸುತ್ತಿದ್ದಾಗ ಎದೆ ಹಿಡಿದುಕೊಂಡು ಕೂತನಂತೆ. ರಾಯಚೂರಿಗೆ ತರುವ ದಾರಿಯಲ್ಲಿ, ಗಬ್ಬೂರು ದಾಟುವಷ್ಟರಲ್ಲಿ ಹೋಗಿಬಿಟ್ಟ. ಗಾಡಿ ಅಲ್ಲಿಂದಲೇ ತಿರುಗಿತು. ನಾನು ರಾಯಚೂರಿನ ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತ ನಿಂತಿದ್ದೆ. ಫೋನ್ ಬಂದ ಮೇಲೆ ಬಸ್ ಹತ್ತಿದೆ.

ಮಣ್ಣು ಮಾಡಿದೆವು. ಹೆಂಗಸರು ನನ್ನನ್ನು ಹಿಡಿದುಕೊಂಡು ಅತ್ತರು. ನನಗೆ ಅಳು ಬರಲಿಲ್ಲ. ಅತ್ತೆಯೊಬ್ಬಳು "ಅತ್ತುಬಿಡಬೇ, ಒಳಗ ಇಟ್ಕೋಬ್ಯಾಡ" ಎಂದು ಬೆನ್ನು ಸವರಿದಳು. ಒಳಗೆ ಇಟ್ಟುಕೊಂಡಿರಲಿಲ್ಲ. ಒಳಗೆ ಏನೂ ಇರಲಿಲ್ಲ. ಮೂರನೆಯ ದಿನ ಸಂಜೆ ಹೊರಟು ಬಂದು ಮರುದಿನ ಪರೀಕ್ಷೆಗೆ ಕೂತೆ. ಕ್ರೆಬ್ಸ್ ಚಕ್ರ ಬರೆಯಬೇಕಿತ್ತು. ದುಂಡಗೆ ಒಂದು ಗೆರೆ ಎಳೆದೆ. ಅದರ ಮೇಲೇ ಮತ್ತೊಮ್ಮೆ ಎಳೆದೆ. ಮೂರು ಗಂಟೆ ಹಾಗೇ ಕಳೆಯಿತು.

ಫಲಿತಾಂಶ ಬಂದಾಗ ಆ ಒಂದು ವಿಷಯದಲ್ಲಿ ಫೇಲಾಗಿದ್ದೆ. ಬೇಸರವೂ ಆಗಲಿಲ್ಲ. ಹಾಸ್ಟೆಲಿನ ಟ್ರಂಕು ತೆಗೆದುಕೊಂಡು ದೇವದುರ್ಗಕ್ಕೆ ಹೋದೆ. ಕಸ ಗುಡಿಸುತ್ತಿದ್ದೆ, ನೀರು ತುಂಬುತ್ತಿದ್ದೆ, ಮಲಗುತ್ತಿದ್ದೆ. ಪೂರಕ ಪರೀಕ್ಷೆಗೆ ಒಂದು ತಿಂಗಳೂ ಇರಲಿಲ್ಲ. ಪುಸ್ತಕಗಳು ಟ್ರಂಕಿನಲ್ಲೇ ಇದ್ದವು. ಇನ್ನು ಕಾಲೇಜಿಗೆ ಹೋಗುವುದಿಲ್ಲವೆಂದು ಅವ್ವನಿಗೆ ಹೇಳಿದೆ. ಅವಳು ಒಲೆಯ ಮುಂದೆ ಕೂತಿದ್ದಳು. "ನಿನಗ ತಿಳದಂಗ ಮಾಡಬೇ" ಎಂದಳು. ಅವಳಲ್ಲೂ ಹೆಚ್ಚು ಮಾತು ಉಳಿದಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ನಮ್ಮ ಕೇರಿಯೊಳಗೆ ಲ್ಯಾಬ್ ಸರ್ ಬಂದರು. ಎರಡು ಕಡೆ ದಾರಿ ಕೇಳಿ ಬಂದಿದ್ದರು. "ಸಿರವಾರದ ಮ್ಯಾಲಿಂದ ಬಂದೆ. ಬಸ್ ಲಗೂ ಸಿಕ್ತು" ಎಂದರು, ನಾನು ಅದನ್ನೇ ಕೇಳಿದ್ದೆ ಎನ್ನುವಂತೆ. ಅವ್ವ ಗಡಬಡಿಸಿ ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಅಂಗಳದಲ್ಲಿ ಹಾಕಿದಳು. "ಕುಂದರ್ರಿ ಸರಾ" ಎಂದು ಒಳಗೆ ಹೋದವಳು ಸ್ವಲ್ಪ ಹೊತ್ತಿಗೆ ಚಹಾ ತಂದಳು. ನಾನು ಬೇಡವೆಂದು ಸನ್ನೆ ಮಾಡಿದೆ. ಅವಳು ನೋಡಲಿಲ್ಲ. ಸರ್ ಎರಡೂ ಕೈಯಲ್ಲಿ ಕಪ್ಪು ಹಿಡಿದುಕೊಂಡರು. ಕುಡಿಯಲಿಲ್ಲ, ಕೆಳಗೂ ಇಡಲಿಲ್ಲ.

"ಪರೀಕ್ಷಾ ಅರ್ಜಿ ತುಂಬಿಲ್ಲಂತ. ಆಫೀಸಿನವರು ಅಂದ್ರು."

"ಓದಾಕ ಆಗವಲ್ದ್ರಿ ಸರ್."

"ದುಃಖ ಆಗಿರ್ತದ."

"ಇಲ್ರಿ. ನನಗ ಏನೂ ಆಗವಲ್ದು. ಅಪ್ಪ ಹೋದ್ರೂ ಅಳು ಬರಲಿಲ್ಲ. ಫೇಲಾದ್ರೂ ಏನೂ ಅನಸಲಿಲ್ಲ. ನನ್ನೊಳಗ ಏನೋ ಕೆಟ್ಟೈತ್ರಿ." ಅಷ್ಟು ಮಾತನ್ನು ನಾನು ಅದಕ್ಕೂ ಮುಂಚೆ ಯಾರಿಗೂ ಹೇಳಿರಲಿಲ್ಲ.

ಅವರು ಕಪ್ಪಿನೊಳಗೆ ನೋಡುತ್ತ ಕೂತರು. ಚಹಾದ ಮೇಲೆ ಕೆನೆ ಕಟ್ಟತೊಡಗಿತ್ತು. ಆಮೇಲೆ, ಪಾಠ ಹೇಳುವ ದನಿಯಲ್ಲೇ, ತಮ್ಮ ಹೆಂಡತಿಯ ವಿಷಯ ಹೇಳಿದರು. ಆಕೆಯ ಮುಖ, ಕಾಲು ಬಾತುಕೊಳ್ಳುತ್ತಿದ್ದವಂತೆ. ಡಾಕ್ಟರಿಗೆ ತೋರಿಸುವ ಮುಂಚೆ ತಾವೇ ನೋಡೋಣವೆಂದು ಮೂತ್ರವನ್ನು ಒಂದು ಸೀಸೆಯಲ್ಲಿ ಲ್ಯಾಬಿಗೆ ತಂದರಂತೆ.

"ಟೆಸ್ಟ್ ಟ್ಯೂಬಿನ ಮ್ಯಾಲಿನ ಭಾಗ ಕಾಸಿದೆ. ಬೆಳ್ಳಗ ಮೋಡ ಕಟ್ಟಿತು. ಫಾಸ್ಫೇಟ್ ಇದ್ರೂ ಹಂಗ ಆಗ್ತದ, ಗೊತ್ತದ ಅಲ್ಲ ನಿಮಗ? ಅಸಿಟಿಕ್ ಆಮ್ಲ ಎರಡು ಹನಿ ಹಾಕಿದ್ರ ಅದು ಕರಗ್ತದ, ಪ್ರೋಟೀನ್ ಇದ್ರ ಕರಗೂದಿಲ್ಲ, ಕಿಡ್ನಿ ಕೆಟ್ಟಾವಂತ ಅರ್ಥ. ಎರಡು ಹನಿ ಹಾಕಿದೆ. ಕರಗಲಿಲ್ಲ. ಇನ್ನೂ ಎರಡು ಹಾಕಿದೆ." ಕಪ್ಪನ್ನು ಕೈಯಲ್ಲೇ ತಿರುಗಿಸಿದರು. "ಎರಡು ವರ್ಷ ಇದ್ದಳು ಆಮ್ಯಾಲ. ಹೋದ ಮ್ಯಾಲ ಹದಿನಾಲ್ಕನೇ ದಿನ ಡ್ಯೂಟಿಗೆ ಬಂದೆ. ನಿಮ್ಮಂಥ ಹುಡುಗರಿಗೆ ಅದೇ ಟೆಸ್ಟ್ ಕಲಿಸೋದಿತ್ತು. ಕಲಿಸಿದೆ. ಕಣ್ಣಾಗ ನೀರು ಬರಲಿಲ್ಲ. ಒಂಬತ್ತು ವರ್ಷ ಆತು, ಇನ್ನೂ ಬಂದಿಲ್ಲ. ನನಗೂ ಏನೋ ಕೆಟ್ಟದ ಅನಸ್ತಿತ್ತು. ಈಗ ಹಂಗ ಅನಸೂದಿಲ್ಲ. ಬಂದಾಗ ಬರ್ತದ. ಬರದಿದ್ರ ಇಲ್ಲ. ಅದರ ಸಲುವಾಗಿ ಕೂತ್ಕೊಂಡು ಕಾಯೋದು ಬ್ಯಾಡ್ರಿ."

ಅವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ನೀವು ಓದಬ್ಯಾಡ್ರಿ" ಎಂದರು ಸರ್. "ನಾಳಿಂದ ಲ್ಯಾಬಿಗೆ ಬರ್ರಿ. ಟೆಸ್ಟ್ ಟ್ಯೂಬ್ ತೊಳೀರಿ, ದ್ರಾವಣ ಮಾಡ್ರಿ. ಕೈಗೆ ಕೆಲಸ ಇದ್ರ ಸಾಕು. ಮನಸ್ಸು ಬರ್ಲಿಕ್ಕೆ ಒಲ್ಲೆ ಅಂದ್ರ ಮನ್ಯಾಗ ಬಿಟ್ಟು ಬರ್ರಿ."

ಎದ್ದು ನಿಂತು, ಕೈಯಲ್ಲಿದ್ದ ತಣ್ಣನೆಯ ಚಹಾವನ್ನು ಕೆನೆಯ ಸಮೇತ ಒಂದೇ ಸಲಕ್ಕೆ ಕುಡಿದು, ಖಾಲಿ ಕಪ್ಪನ್ನು ಅವ್ವನ ಕೈಗೆ ಕೊಟ್ಟರು. "ಬರ್ತೀನ್ರಿ ಯವ್ವಾ" ಎಂದರು. ಅಷ್ಟು ಹೊತ್ತು ಅವರೊಳಗೆ ಏನು ನಡೆದಿತ್ತೋ ನನಗೆ ಗೊತ್ತಿಲ್ಲ. ಆ ಚಹಾದ ಬಗ್ಗೆ ನಾವಿಬ್ಬರೂ ಎಂದೂ ಮಾತಾಡಲಿಲ್ಲ. ಮರುದಿನ ಕ್ಯಾಂಟೀನಿನ ಹೊತ್ತಿಗೆ ಅವರು ಎಂದಿನಂತೆ ಬಾಟಲಿಗಳ ಮುಂದೆಯೇ ಇದ್ದರು.

ನಾನು ಹೋದೆ. ಉತ್ಸಾಹದಿಂದಲ್ಲ, ಅವರು ಹೇಳಿದ್ದಕ್ಕೆ. ಹಾಸ್ಟೆಲಿಗೆ ಮರಳಿ ಪರೀಕ್ಷೆಯ ಅರ್ಜಿಯನ್ನೂ ತುಂಬಿದೆ. ಪರೀಕ್ಷೆಯವರೆಗೂ ಹತ್ತರಿಂದ ನಾಲ್ಕರವರೆಗೆ ಪ್ರನಾಳ ತೊಳೆದೆ, ತಾಮ್ರದ ಸಲ್ಫೇಟ್ ತೂಗಿದೆ, ಸೋಸಿದೆ. ಅವರು ಪಕ್ಕದಲ್ಲಿ ತಮ್ಮ ಕೆಲಸ ಮಾಡುತ್ತ, ಯಾರಿಗೋ ಅಡುಗೆ ಹೇಳಿಕೊಟ್ಟಂತೆ, ಯಕೃತ್ತಿನಲ್ಲಿ ಅಮೋನಿಯಾ ಯೂರಿಯಾ ಆಗುವುದು ಹೇಗೆ, ಉಪವಾಸವಿದ್ದಾಗ ಕೊಬ್ಬು ಕರಗುವುದು ಹೇಗೆ ಎಂದು ಕನ್ನಡದಲ್ಲಿ ಹೇಳುತ್ತಿದ್ದರು. "ಇಲ್ಲಿ ಒಂದು ನೀರಿನ ಅಣು ಬಿಟ್ಟು ಹೋಗ್ತದ, ನೋಡ್ರಿ" ಎನ್ನುತ್ತಿದ್ದರು. ಯೂರಿಯಾ ಎಂಬ ಮಾತು ಬಂದ ದಿನ, ಅಪ್ಪ ಹೋದ ಬಗೆ ಯಾರಿಂದಲೋ ಕೇಳಿದ್ದರೇನೋ, ಒಂದು ಕ್ಷಣ ನನ್ನ ಮುಖ ನೋಡಿದರು. ನಾನು ತೂಗುವುದನ್ನು ನಿಲ್ಲಿಸಲಿಲ್ಲ. ಅವರೂ ಮುಂದುವರಿಸಿದರು. ಅಪ್ಪನ ಬಗ್ಗೆ ಒಂದು ದಿನವೂ ಕೇಳಲಿಲ್ಲ. ಕೇಳುತ್ತಿದ್ದದ್ದು ಒಂದೇ, "ಊಟ ಆತೇನ್ರಿ?"

ಪಾಸಾದೆ. ಹೇಳಲು ಹೋದಾಗ ಅವರು ಬ್ಯುರೆಟ್ಟಿನಿಂದ ಹನಿ ಹನಿ ಬಿಡುತ್ತ ಬಣ್ಣ ತಿರುಗುವುದನ್ನು ಕಾಯುತ್ತಿದ್ದರು. "ಹೌದೇನ್ರಿ? ಛಲೋ ಆತು" ಎಂದರು. ಕಣ್ಣು ಎತ್ತಲಿಲ್ಲ. ನಾನೂ ಹೆಚ್ಚು ನಿಲ್ಲಲಿಲ್ಲ.

ಆಮೇಲೆ ನಮ್ಮ ತರಗತಿಗಳು ಆಸ್ಪತ್ರೆಯ ಕಡೆಗೆ ಹೋದವು. ನಾನು ಮೂರನೆಯ ವರ್ಷದಲ್ಲಿದ್ದಾಗ ಅವರು ನಿವೃತ್ತರಾದರು. ವಿಭಾಗದಲ್ಲಿ ಒಂದು ಶಾಲು, ಒಂದು ಹಾರ ಹಾಕಿದರಂತೆ. ನನಗೆ ಆ ದಿನ ವಾರ್ಡ್ ಇತ್ತು, ಹೋಗಲಿಲ್ಲ. ಹೋಗಬಹುದಿತ್ತು. ಮಾನ್ವಿ ಒಂದು ಗಂಟೆಯ ದಾರಿ. ಅಲ್ಲಿಗೂ ಒಮ್ಮೆಯೂ ಹೋಗಲಿಲ್ಲ. ನನ್ನ ಬಗ್ಗೆ ನನಗೆ ಗೊತ್ತಿರುವ ಸತ್ಯಗಳಲ್ಲಿ ಇದೂ ಒಂದು.

ಕಳೆದ ವರ್ಷ ನನಗೆ ಹೌಸ್ ಸರ್ಜನ್ ಆಗಿ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸವಿತ್ತು. ಒಂದು ದಿನ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ಬಸ್ ನಿಲ್ದಾಣದಲ್ಲಿ ಕುಸಿದುಬಿದ್ದವರೊಬ್ಬರನ್ನು ಆಟೋದಲ್ಲಿ ತಂದರು. ಸ್ಟ್ರೆಚರಿಗೆ ಹಾಕುವಾಗ ಮುಖ ನೋಡಿದೆ. ಲ್ಯಾಬ್ ಸರ್. ಅಂಗಾರ ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿದಿತ್ತು. ನಾಡಿ ಸಿಗಲಿಲ್ಲ. ಅಂಗಿಯ ಗುಂಡಿ ಬಿಚ್ಚಿ ಎದೆ ಒತ್ತತೊಡಗಿದೆ. ಡ್ಯೂಟಿ ಡಾಕ್ಟರ್ ಬಂದರು, ಸಿಸ್ಟರ್ ಇಂಜೆಕ್ಷನ್ ಕೊಟ್ಟರು. ಎಣಿಸುತ್ತ ಒತ್ತುತ್ತಿದ್ದೆ. ಒಮ್ಮೆ ಕೈಯ ಕೆಳಗೆ ಪಕ್ಕೆಲುಬು ಮುರಿದದ್ದು ಗೊತ್ತಾಯಿತು. ಅರ್ಧ ಗಂಟೆಯ ಮೇಲೆ ಡಾಕ್ಟರ್ ನನ್ನ ಭುಜ ಮುಟ್ಟಿ ಸಾಕು ಎಂದರು. ಇಸಿಜಿ ತೆಗೆದೆ. ಕಾಗದದ ಮೇಲೆ ನೆಟ್ಟಗೆ ಒಂದು ಗೆರೆ ಬಂತು. ಸಮಯ ಬರೆದೆ. ಬಿಚ್ಚಿದ ಗುಂಡಿಗಳನ್ನು ಹಾಕಿದೆ.

ಹೊರಗೆ ಬೆಂಚಿನ ಮೇಲೆ ಅವರ ತಮ್ಮ ಕೂತಿದ್ದರು. ಅಣ್ಣನ ಕಣ್ಣು ತೋರಿಸಲೆಂದು ಇಬ್ಬರೂ ರಾಯಚೂರಿಗೆ ಬಂದವರು. ನನ್ನನ್ನು ಅವರು ಅದಕ್ಕೂ ಮುಂಚೆ ನೋಡಿರಲಿಲ್ಲ. ಎದುರಿಗೆ ಕೂತು ಹೇಳಬೇಕೆಂದು ನಮಗೆ ಕಲಿಸಿರುತ್ತಾರೆ. ಕೂತೆ. "ನಿಮ್ಮ ಅಣ್ಣಾವ್ರು ತೀರಿಕೊಂಡಾರ್ರಿ. ಆದಷ್ಟು ಪ್ರಯತ್ನ ಮಾಡಿದ್ವಿ" ಎಂದೆ. ನನ್ನ ದನಿ ಸರಿಯಾಗಿಯೇ ಇತ್ತು.

ಅವರು ತಲೆಯಾಡಿಸಿದರು. ಆಮೇಲೆ ಜೇಬಿನಿಂದ ಫೋನ್ ತೆಗೆದು ಮಾನ್ವಿಗೆ ಹೇಳಿದರು, ಇನ್ನೆರಡು ಊರಿಗೆ ಹೇಳಿದರು. ಕೊನೆಗೆ ಫೋನನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಬಿಳಿ ಕೋಟು ನೋಡಿದರು.

"ಇಲ್ಲೇ ಕಲ್ತೀರೇನವಾ ನೀವು?"

"ಹೌದ್ರಿ."

"ಹಂಗಾರ ನಿಮಗ ಗೊತ್ತಿರಬೇಕು. ದೇವದುರ್ಗದಾಕಿ ಒಬ್ಬಾಕಿ ಹುಡುಗಿ ಇಲ್ಲೇ ಓದ್ತಿದ್ದಳು. ಅಪ್ಪನ್ನ ಕಳಕೊಂಡಾಕಿ. ಆಕಿ ಪಾಸಾದ ದಿನಾ ನಮ್ಮಣ್ಣ ಬಸ್ಸಿಳದು ಬಂದಾಂವನ ನಮ್ಮನೆಯಾಕಿಗೆ ಹೇಳಿ ಸಿಹಿ ಸಜ್ಜಕಾ ಮಾಡಿಸಿದ್ದ. ಅತ್ತಿಗಿ ಹೋದ ಮ್ಯಾಲ ಅಂವಾ ಬಾಯಿ ಬಿಟ್ಟು ಇಂಥಾದ್ದು ಮಾಡ್ರಿ ಅಂದದ್ದು ಅದೊಂದ ಸಲ." ಕಣ್ಣೊರೆಸಿಕೊಂಡರು. "ಈಗೆಲ್ಲಿದ್ದಾಳೋ. ಆಕಿಗೂ ಒಂದು ಸುದ್ದಿ ಮುಟ್ಟಿಸಬೇಕಿತ್ತು ನೋಡವಾ."

ಒಳಗಿನಿಂದ ಸಿಸ್ಟರ್ ಮುಂದಿನ ರೋಗಿಗೆ ನನ್ನನ್ನು ಕರೆಯುತ್ತಿದ್ದರು.

"ಮುಟ್ಟೇತ್ರಿ" ಎಂದೆ.