ನೀಲಿ ಟೇಪಿನ ಗೋಡೆ

ಮನೆ ಮಾರಿಸಿಕೊಡುವ ಪೆಗಿ ಕ್ಲಾಸನ್ ಬಾಗಿಲು ತಟ್ಟದೆ ಒಳಗೆ ಬಂದಳು. ಅವಳ ಬೆನ್ನಿಗೆ ಮನೆ ಕೊಳ್ಳಲು ಬಂದ ಎಳೆಯ ಜೋಡಿ. ಸರಿಯಾಗಿ ಅದೇ ಹೊತ್ತಿಗೆ ವರ್ಲಿನ್, ಹಾಲಿನ ನಟ್ಟನಡುವೆ ನೆಲದ ಮೇಲೆ ಅಂಗಾತ ಮಲಗಿದ್ದ ಹೆಂಡತಿ ಮಾರ್ಲಾಳನ್ನು ಅಂಬೆಗಾಲಿನಲ್ಲಿ ದಾಟುತ್ತಿದ್ದ. ಭಾನುವಾರ ಮಧ್ಯಾಹ್ನ ಎರಡು ಗಂಟೆ. ಇಬ್ಬರ ಮೈಮೇಲೂ ಚರ್ಚಿಗೆ ಹೋಗಿ ಬಂದ ಬಟ್ಟೆ ಹಾಗೆಯೇ ಇತ್ತು.

ಕೊಳ್ಳಲು ಬಂದ ಹುಡುಗಿ ಚಾವಣಿಯ ಫ್ಯಾನನ್ನು ತುಂಬ ಆಸಕ್ತಿಯಿಂದ ನೋಡತೊಡಗಿದಳು.

"ಇದು ಮಲಗೋ ಕೋಣೆ," ಎಂದ ವರ್ಲಿನ್, ಅದೇ ಭಂಗಿಯಲ್ಲಿ. ಹೀಗೆಂದರೆ ವಿಷಯ ತಿಳಿಯಾಗುತ್ತದೆಂದು ಅವನ ಎಣಿಕೆ. ಆಗಲಿಲ್ಲ.

"ನನ್ನ ಎಬ್ಬಿಸ್ದೆ ಈ ಮಹರಾಯ ಹಾಸಿಗೆಯಿಂದ ಏಳ್ತಾನಾ ಅಂತ ನೋಡ್ತಿದೀವಿ," ಎಂದಳು ಮಾರ್ಲಾ ಕೆಳಗಿನಿಂದಲೇ. "ಏಳಲ್ಲ. ಮಂಡಿ ನನ್ನ ಹೊಟ್ಟೇಲಿದೆ. ಬನ್ನಿ ಪೆಗಿ, ಅಡಿಗೆಮನೆ ತೋರ್ಸಿ. ನೀಲಿ ಟೇಪ್ ತುಳೀಬೇಡಿ, ಅದು ಗೋಡೆ."

ಆ ಗೋಡೆಯನ್ನು, ಒಂದು ಟ್ರೇಲರಿನ ಅಳತೆಗೆ ಸರಿಯಾಗಿ, ನೆಲದ ಮೇಲೆ ಅಂಟಿಸಿದವನು ವರ್ಲಿನ್. ಹಾಲಿನಿಂದ ಅಡಿಗೆಮನೆಯ ಒಲೆಯವರೆಗೆ ಮೂವತ್ತೊಂದು ಅಡಿ ಉದ್ದ. ಅಗಲ ಎಂಟು ಅಡಿ, ನಡುವೆ ಒಂದೆರಡು ಕಡೆ ಹನ್ನೊಂದು. ಅಳತೆ ಪಟ್ಟಿಯನ್ನು ಮುಟ್ಟಬೇಕಾಗಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಅವನು ಕಾರ್ಖಾನೆಯಲ್ಲಿ ಇಂಥ ಟ್ರೇಲರುಗಳಿಗೆ, ಅಂದರೆ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೋಗುವ ಚಕ್ರದ ಮನೆಗಳಿಗೆ, ಕಪಾಟು ಜೋಡಿಸುತ್ತಿದ್ದ.

ಇಂಡಿಯಾನಾ ರಾಜ್ಯದ ನಮ್ಮ ಗೋಶೆನ್ ಊರಿನ ಕಥೆಯೇ ಹಾಗೆ. ದೇಶದ ಜನರೆಲ್ಲ ಸುತ್ತಲು ಬೇಕಾದ ಮನೆಗಳನ್ನು ನಾವು ಮಾಡಿ ಕಳಿಸುತ್ತೇವೆ. ನಾವು ಮಾತ್ರ ಮೂರು ಗಂಟೆಗೆ ಮನೆ ಸೇರಿ ಹುಲ್ಲು ಕತ್ತರಿಸುತ್ತೇವೆ. ವರ್ಲಿನ್ ಜೋಡಿಸಿದ ಕಪಾಟುಗಳು ಮರುಭೂಮಿ ಕಂಡಿವೆ, ಎರಡು ಸಮುದ್ರ ಕಂಡಿವೆ. ಅವನು ಹೋದ ಅತಿ ದೂರದ ಜಾಗವೆಂದರೆ ಪಕ್ಕದ ರಾಜ್ಯ ಓಹಾಯೋ. ಅದೂ ಅತ್ತಿಗೆಯ ತಂಗಿಯ ಮದುವೆಗೆ.

ಅಂಥವನ ಕಾಲಿಗೆ ನೆಲೆಯಿಲ್ಲ. ಊಟಕ್ಕೆ ಕೂತರೆ ಮೊಣಕಾಲು ಕುಣಿದು ಮೇಜಿನ ಮೇಲಿನ ಉಪ್ಪಿನ ಡಬ್ಬಿ ಊರೂರು ತಿರುಗುತ್ತದೆ. ಚರ್ಚಿನಲ್ಲಿ ಕೊನೆಯ ಸಾಲು, ಬಾಗಿಲ ಪಕ್ಕ. ತಿಂಗಳಿಗೊಮ್ಮೆ ಸೋಫಾದ ಜಾಗ ಬದಲಾಗಲೇಬೇಕು. ಒಂದು ಸಲ ಮಾರ್ಲಾ ದೀಪ ಹಾಕದೆ ಬಂದು, ಇಲ್ಲದ ಸೋಫಾದ ಮೇಲೆ ಕೂತು ಸೊಂಟ ಉಳುಕಿಸಿಕೊಂಡಳು. ಆಮೇಲಿಂದ ಮನೆಯೊಳಗೂ ಅವಳು ತಡವಿ ನಡೆಯುತ್ತಾಳೆ.

ಮನೆ ಮಾರಿ ಟ್ರೇಲರಿನಲ್ಲೇ ಇದ್ದುಬಿಡುವ ಯೋಚನೆಯನ್ನು ಅವನು ಹೇಳಿದಾಗ, ಕಾರ್ಖಾನೆಯಲ್ಲಿ ಪಕ್ಕದಲ್ಲೇ ನಿಂತು ಸ್ಕ್ರೂ ತಿರುಗಿಸುವ ಲೆವಾಯ್ ನಕ್ಕ. ಲೆವಾಯ್ ಆಮಿಷ್ ಎಂಬ ಮಡಿವಂತ ಕ್ರೈಸ್ತ ಪಂಗಡದವನು. ಕಾರು ಇಟ್ಟುಕೊಳ್ಳುವ ಹಾಗಿಲ್ಲ, ಸೈಕಲ್ಲಿನಲ್ಲಿ ಬರುತ್ತಾನೆ.

"ಇದರಲ್ಲಿ ಇರ್ತೀಯಾ? ನಾವು ಮಾಡಿದ್ರಲ್ಲಿ?"

"ಯಾಕೋ?"

"ಶುಕ್ರವಾರ ಮಧ್ಯಾಹ್ನ ಮಾಡಿದ್ದನ್ನ ಮಾತ್ರ ತಗೋಬೇಡ ಮಾರಾಯಾ. ಅವತ್ತು ನಂಗೆ ಮನೆಗೆ ಹೋಗೋ ಅವಸರ ಇರುತ್ತೆ."

ವರ್ಲಿನ್‌ಗೆ ಇದು ಒಳ್ಳೆಯ ಸುದ್ದಿ. ದಾರಿಯುದ್ದಕ್ಕೂ ಕೆಟ್ಟ ಟ್ರೇಲರುಗಳನ್ನು ರಿಪೇರಿ ಮಾಡಿ ಬದುಕುವುದು ಅವನ ಯೋಜನೆ. ಶುಕ್ರವಾರಗಳು ಇರುವ ತನಕ ಕೆಲಸಕ್ಕೆ ಕೊರತೆಯಿಲ್ಲ. ಮಾರ್ಲಾಳ ಕೆಲಸ, ವೈದ್ಯರು ಗೊಣಗಿದ್ದನ್ನು ಕೇಳಿ ಟೈಪು ಮಾಡುವುದು. ಅದು ಎಲ್ಲಿ ಕೂತರೂ ನಡೆಯುತ್ತದೆ. ಉಳಿದವಳು ಮಗಳು ಕ್ಯಾಸಿಡಿ, ಹದಿನಾಲ್ಕು ವರ್ಷ, ಸ್ಕೂಲಿನ ಬ್ಯಾಂಡಿನಲ್ಲಿ ಟ್ರಾಂಬೋನ್, ಅಂದರೆ ಕೊಳವೆಯನ್ನು ಹಿಂದೆ ಮುಂದೆ ಸರಿಸಿ ನುಡಿಸುವ ಉದ್ದನೆಯ ಕಹಳೆ, ಊದುತ್ತಾಳೆ. ಅವಳ ಅಭಿಪ್ರಾಯ ಚಿಕ್ಕದಾಗಿತ್ತು: "ನಾನು ಬರಲ್ಲ."

ಕೊಳ್ಳಲು ಬಂದ ಜೋಡಿಗೆ, ಕಂಡದ್ದನ್ನೆಲ್ಲ ಕಂಡ ಮೇಲೂ, ಮನೆ ಹಿಡಿಸಿತು. ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಉತ್ತರ ಬೇಕೆಂದರು. ಅವತ್ತು ಸಂಜೆ ಮಾರ್ಲಾ ಕಟ್ಟಳೆ ಹಾಕಿದಳು.

"ಶನಿವಾರ ಹನ್ನೆರಡರ ತನಕ ಮೂರೂ ಜನ ಟೇಪಿನೊಳಗೆ. ಕೆಲಸ, ಸ್ಕೂಲು, ಬಚ್ಚಲು ಬಿಟ್ಟು ಬೇರೆ ಯಾವುದಕ್ಕೂ ಯಾರೇ ಕಾಲು ಹೊರಗಿಟ್ರೂ ಪೆಗಿಗೆ ‘ಇಲ್ಲ’ ಅಂತೀನಿ. ಆಮೇಲೆ ಸಾಯೋತನಕ ನೀನು ಈ ಮಾತು ಎತ್ತೋ ಹಾಗಿಲ್ಲ."

"ಅಷ್ಟೇನಾ?" ಎಂದ ವರ್ಲಿನ್. ಅವನ ಕಣ್ಣು ಮಗಳ ಮೇಲಿತ್ತು. ಬೇಕೆಂದೇ ಒಂದು ಹೆಜ್ಜೆ ಆಚೆಗಿಟ್ಟರೆ ಅವಳ ಕೆಲಸ ಮುಗಿದಂತೆ.

ಕ್ಯಾಸಿಡಿ ಹೆಜ್ಜೆ ಇಡಲಿಲ್ಲ. ಟ್ರಾಂಬೋನ್ ಇಟ್ಟಳು. ಅದರ ಕೊಳವೆಯನ್ನು ಪೂರ್ತಿ ಚಾಚಿದರೆ ಅವಳ ಮಂಚದಿಂದ ಒಂದು ಗೇಣು ಟೇಪಿನಾಚೆ ಹೋಗುತ್ತಿತ್ತು. "ಇದು ಲೆಕ್ಕಾನಾ?" ಎಂದು ಕೇಳಿದಳು. "ಅಲ್ಲಿ ಕಿಟಕಿ ಇದೆ, ತೆಗೆದಿದೆ," ಎಂದ ವರ್ಲಿನ್ ಕೂಡಲೇ. ಮಾರ್ಲಾ ಒಪ್ಪಲಿಲ್ಲ. ಕೊಳವೆ ಟೇಪಿನೊಳಗೆ ಓಡಾಡುವ ಓಣಿಯ ಕಡೆ ತಿರುಗಿತು. ಅಲ್ಲಿಂದ ಮುಂದೆ, ಅವಳು ಅಭ್ಯಾಸ ಮಾಡುವಾಗ ಒಲೆಯ ಹತ್ತಿರ ಹೋಗಬೇಕಾದವರು ಕಾದು ನಿಲ್ಲಬೇಕು. ಸ್ವರ ಮೇಲಕ್ಕೇರಿ ಕೊಳವೆ ಒಳಗೆ ಸರಿದ ಗಳಿಗೆಯಲ್ಲಿ ನುಗ್ಗಬೇಕು. ಮಂಗಳವಾರ ಒಂದು ತಗ್ಗು ಸ್ವರ ವರ್ಲಿನ್‌ನ ಪಕ್ಕೆಗೆ ತಿವಿಯಿತು.

ಅಚ್ಚರಿಯೆಂದರೆ ಹೆಂಗಸರಿಬ್ಬರೂ ಒಗ್ಗಿಕೊಂಡರು. ಎರಡು ವರ್ಷದಿಂದ ತನ್ನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದ ಹುಡುಗಿ, ಹಾಕಲು ಬಾಗಿಲೇ ಇಲ್ಲದೆ, ಅಮ್ಮನ ಜೊತೆ ಇಸ್ಪೀಟು ಆಡಿದಳು. ಮೋಸ ಮಾಡಿದಳು, ಸಿಕ್ಕಿಬಿದ್ದಳು, ಇಬ್ಬರೂ ಕಿರುಚಾಡಿ ನಕ್ಕರು. ಒದ್ದಾಡಿದವನು ವರ್ಲಿನ್ ಒಬ್ಬನೇ. ಟೇಪಿನೊಳಗೆ ಸೋಫಾ ಸರಿಸಲು ಜಾಗವಿಲ್ಲ. ಉಪ್ಪಿನ ಡಬ್ಬಿ ಬುಧವಾರ ಮೂರು ಸಲ ಕೆಳಗೆ ಬಿತ್ತು.

"ಅಪ್ಪಾ, ಕೂತ್ಕೋ."

"ಕೂತೇ ಇದೀನಲ್ಲೇ."

"ನಿನ್ನ ಮೇಲ್ಭಾಗ ಕೂತಿದೆ. ಕೆಳಗಿಂದು ಹೊರಟು ಆಗ್ಲೇ ಒಂದು ಗಂಟೆ ಆಯ್ತು."

ಶುಕ್ರವಾರ ಸಂಜೆ ಮಾರ್ಲಾ ಯಾರದೋ ಪ್ರವಾಸದ ಬರಹ ಓದುತ್ತಿದ್ದವಳು ತಲೆಯೆತ್ತಿದಳು. "ವರ್ಲಿನ್, ಈ ಹನ್ನೊಂದು ಅಡಿ ಗೋಡೆಗಳಿವೆಯಲ್ಲ, ಗಾಡಿ ನಿಂತಾಗ ಮೇಜಿನ ಖಾನೆ ಎಳೆದ ಹಾಗೆ ಆಚೆ ಬರೋವು. ಗಾಡಿ ಓಡುವಾಗ ಇವು ಒಳಗೆ ಹೋಗ್ತಾವೆ ತಾನೆ?"

"ಹೋಗ್ತಾವೆ."

"ಆಗ ಒಳಗೆ ಎಷ್ಟು ಜಾಗ ಉಳಿಯುತ್ತೆ?"

ವರ್ಲಿನ್ ಬಗ್ಗಿ ಟೇಪು ನೋಡಿದ. ಅವನಿಗೆ ಗೊತ್ತಿರಲಿಲ್ಲ. ಕಪಾಟು ಜೋಡಿಸುವವರು ಗೋಡೆ ಹೊರಗೆ ಚಾಚಿದ್ದಾಗಲೇ ಕೆಲಸ ಮುಗಿಸುತ್ತಾರೆ. ಗೋಡೆ ಒಳಸೇರುವ ಹೊತ್ತಿಗೆ ಅವರು ಮುಂದಿನ ಟ್ರೇಲರಿನಲ್ಲಿರುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಒಂದನ್ನಾದರೂ ಅವನು ಮುಚ್ಚಿದ ಸ್ಥಿತಿಯಲ್ಲಿ ಒಳಗಿನಿಂದ ಕಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಮಾರ್ಲಾ ಟೇಪು ಕಿತ್ತು ಒಳಗೆ ಅಂಟಿಸಿದಳು. "ಇವತ್ತು ಪ್ರಯಾಣದ ದಿನ," ಎಂದಳು. ಸೋಫಾ ಬಂದು ಒಲೆಗೆ ಆತುಕೊಂಡಿತು. ಫ್ರಿಜ್ಜಿನ ಬಾಗಿಲು ತೆರೆಯದಾಯಿತು. ಉಳಿದದ್ದು ಎರಡಡಿ ಅಗಲದ ಓಣಿ. ತಾಯಿ ಮಗಳು ಅದರೊಳಗೆ ಕಾಲು ಮಡಚಿ ಕೂತು ಕಡಲೆಕಾಯಿ ಬೆಣ್ಣೆ ಸವರಿದ ಬ್ರೆಡ್ಡು ತಿಂದರು. ವರ್ಲಿನ್ ನಡೆದ. ಆರು ಹೆಜ್ಜೆ ಅತ್ತ, ಆರು ಹೆಜ್ಜೆ ಇತ್ತ, ಪ್ರತಿ ಸಲ ನಾಲ್ಕು ಮೊಣಕಾಲುಗಳನ್ನು ದಾಟಿಕೊಂಡು. ಒಂಬತ್ತಾಯಿತು, ಹತ್ತಾಯಿತು. ಇನ್ನೆರಡೇ ಗಂಟೆ ಎಂದುಕೊಂಡ. ಹನ್ನೊಂದಾಯಿತು. ಆಚೆ ಬೀದಿಯಲ್ಲಿ ಯಾರದೋ ಟ್ರಕ್ಕು ಹೊಚ್ಚ ಹೊಸ ಟ್ರೇಲರೊಂದನ್ನು ಎಳೆದುಕೊಂಡು ಹೋಯಿತು. ಹನ್ನೊಂದು ನಲವತ್ತಕ್ಕೆ ಅವನು ಆರನೆಯ ಹೆಜ್ಜೆಯ ನಂತರ ಏಳನೆಯದನ್ನು ಇಟ್ಟ.

ಎಂಟು, ಒಂಬತ್ತು, ಮುಂಬಾಗಿಲು, ಅಂಗಳ. ಮನೆಗೆ ಮೂರು ಸುತ್ತು ಹಾಕಿ, ಏನು ಮಾಡಿದೆನೆಂದು ಮೂರನೆಯ ಸುತ್ತಿನಲ್ಲಿ ಹೊಳೆದು, ಬಾಗಿಲಿಗೆ ಬಂದು ನಿಂತ.

"ಮುಗೀತು," ಎಂದಳು ಮಾರ್ಲಾ. ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. "ನಾನಲ್ಲ ವರ್ಲಿನ್, ಇವಳೂ ಅಲ್ಲ. ನೀನೇ."

"ಹೂಂ." ವರ್ಲಿನ್ ಕಾಲಿಗಂಟಿದ ಹುಲ್ಲನ್ನು ಹೊಸ್ತಿಲಿಗೆ ಒರೆಸಿಕೊಂಡ.

"ಅಮ್ಮಾ," ಎಂದಳು ಕ್ಯಾಸಿಡಿ, "ಟೇಪ್ ಕೀಳುವಾಗ ಇವತ್ತು ಏನು ದಿನ ಅಂದೆ?"

"ಪ್ರಯಾಣದ ದಿನ."

"ಟ್ರೇಲರ್ ಓಡುವಾಗ ಅದರೊಳಗೆ ಯಾರೂ ಕೂರೋ ಹಾಗೇ ಇಲ್ಲ. ಮುಂದೆ ಟ್ರಕ್ಕಲ್ಲಿ ಕೂರ್ಬೇಕು. ಬೆಳಿಗ್ಗೆಯಿಂದ ತಪ್ಪು ಮಾಡ್ತಿರೋರು ನಾವಿಬ್ರು. ಅಪ್ಪ ಹೊರಗೆ ಹೋಗಿದ್ದೇ ಸರಿ."

ಮಾರ್ಲಾ ಮಗಳನ್ನು ದಿಟ್ಟಿಸಿದಳು. "ನೀನು ಬರಲ್ಲ ಅಂದಿದ್ಯಲ್ಲೇ?"

"ಇಷ್ಟ ಏನಿಲ್ಲ. ಆದ್ರೆ ಇವನನ್ನ ನೋಡು. ಇಲ್ಲೇ ಇದ್ರೆ ಹೀಗೇ ಮನೆ ಸುತ್ತಾನೆ. ನಾನು ಕಾಲೇಜಿಗೆ ಹೋಗ್ತೀನಿ, ಆಮೇಲೆ ನೀನೊಬ್ಳೇ ನೋಡ್ಕೊಂಡಿರ್ಬೇಕು."

ಮಾರ್ಲಾ ಗಡಿಯಾರ ನೋಡಿದಳು. ಹನ್ನೆರಡಕ್ಕೆ ಆರು ನಿಮಿಷ. ನಿಟ್ಟುಸಿರು ಬಿಟ್ಟು ಪೆಗಿಯ ನಂಬರು ಒತ್ತಿ ಫೋನನ್ನು ಕಿವಿಗಿಟ್ಟಳು. ಆ ಕಡೆ ಗಂಟೆ ಬಾರಿಸುತ್ತಿರುವಾಗ, ಬಾಗಿಲಲ್ಲಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ತೂಗುತ್ತಿದ್ದ ಗಂಡನನ್ನು ಕೇಳಿದಳು:

"ಏಯ್ ಡ್ರೈವರ್, ಈಗ ಯಾವ ರಾಜ್ಯದಲ್ಲಿದೀವಿ?"

ವರ್ಲಿನ್ ಕತ್ತು ಹೊರಳಿಸಿ ಬೀದಿಯ ಆ ತುದಿ ನೋಡಿದ, ಈ ತುದಿ ನೋಡಿದ.

"ಇನ್ನೂ ಇಂಡಿಯಾನಾನೇ," ಎಂದ. "ಮುಂದೆ ರಸ್ತೆ ರಿಪೇರಿ ನಡೀತಿದೆ."